ಒಂಬತ್ತೂ ಹತ್ತರ ಬಸ್ಸಿಗೆ ಬಂದ ಪೊಟ್ಟಣ

"ನಿನ್ನೆ ಎಪ್ಪತ್ತೆರಡು ವರ್ಷದ ಅಜ್ಜಿನ ಅರ್ಧ ಕಿಲೋಮೀಟರ್ ನಡೆಸಿ ಬರಿಗೈಲಿ ವಾಪಸ್ ಕಳಿಸಿದ್ರಲ್ಲ, ನೀವೆಂತ ಮನುಷ್ಯರು?"

ನಿಟ್ಟೂರಿನ ಬಸ್ ಸ್ಟಾಪಿನಲ್ಲಿ ಆ ಬೆಳಿಗ್ಗೆ ಹತ್ತಾರು ಜನ ತಿರುಗಿ ನೋಡಿದರು. ಸಾಗರದಿಂದ ಹೊಸನಗರದ ಮೇಲೆ ಬಂದ ಒಂಬತ್ತೂ ಹತ್ತರ ಬಸ್ಸು ಆಗಷ್ಟೇ ನಿಂತಿತ್ತು. ಅದರ ಬಾಗಿಲಿಗೆ ಅಡ್ಡವಾಗಿ ನಿಂತು ಕಂಡಕ್ಟರನಿಗೆ ಬೈಯುತ್ತಿದ್ದವಳು ಸುಷ್ಮಾ!

ಕೂದಲು ಬಾಚಿರಲಿಲ್ಲ. ದುಪ್ಪಟ್ಟಾ ಒಂದು ಕಡೆ ನೆಲಕ್ಕೆ ತಾಗುತ್ತಿತ್ತು. ಎಡಗಾಲಿನ ಚಪ್ಪಲಿ ಅವಳದು, ಬಲಗಾಲಿನದು ಅಜ್ಜಿಯದು.

ಕಂಡಕ್ಟರು ಸಿಟ್ಟಾಗಲಿಲ್ಲ. ಸೀಟಿನ ಕೆಳಗಿನ ಚೀಲದಿಂದ ಪೊಟ್ಟಣ ತೆಗೆದು ಅದರ ಮೇಲಿನ ಹೆಸರು ಓದಿ, ಅವಳ ಮುಖ ನೋಡಿದ.

"ಸುಷ್ಮಾ ಅಂದ್ರೆ ನೀವಾ? ತಗೊಳ್ಳಿ. ಹೆಸರಿದ್ದವರ ಕೈಗೇ ಕೊಡಬೇಕು ಅಂತ ಹೇಳಿದ್ರು, ಅದಕ್ಕೆ."

ಅವನು ನಕ್ಕುಬಿಟ್ಟ. ಅವಳಿಗೆ ಇನ್ನಷ್ಟು ಉರಿಯಿತು. ಪೊಟ್ಟಣ ಕಿತ್ತುಕೊಂಡು ದಡದಡ ನಡೆದಳು.

ಅರ್ಧ ದಾರಿಗೆ ಬಂದ ಮೇಲೆ ಕಾಲು ತಾನಾಗಿ ನಿಧಾನವಾಯಿತು. ಜನವರಿಯ ಬಿಸಿಲು ಬೆನ್ನಿಗೆ ಹಿತವಾಗಿತ್ತು. 'ಅರೆ... ನಾನು ಹೊರಗೆ ಬಂದಿದ್ದೇನೆ!' ತಾನಾಗಿ ಹೊರಟದ್ದು ನಾಲ್ಕು ತಿಂಗಳಲ್ಲಿ ಇದೇ ಮೊದಲು. ಇನ್ನೂ ಆಶ್ಚರ್ಯವೆಂದರೆ, ಅವಳಿಗೆ ಸಿಟ್ಟು ಬಂದಿತ್ತು. ಸಿಟ್ಟೋ, ಸಂತೋಷವೋ, ಏನೋ ಒಂದು ಒಳಗೆ ಹುಟ್ಟಿ ಎಷ್ಟು ಕಾಲವಾಗಿತ್ತು!

ಸುಷ್ಮಾ ತೀರ್ಥಹಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಐದು ವರ್ಷ ಗಣಿತ ಕಲಿಸಿದವಳು. ಹೋದ ವರ್ಷ ಬೆಳಿಗ್ಗೆ ಏಳುವುದೇ ಕಷ್ಟವಾಗತೊಡಗಿತು. ಅಳು ಬರುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ, ಯಾರ ಫೋನೂ ಬೇಡವಾಗಿತ್ತು. ಸೆಪ್ಟೆಂಬರಿನಲ್ಲಿ ಕೆಲಸ ಬಿಟ್ಟು ಅಜ್ಜಿ ಕೆರಿಯಮ್ಮನ ಮನೆಗೆ ಬಂದು ಮಂಚ ಹಿಡಿದಳು. ತಂದೆ ತಾಯಿ ಇಲ್ಲದ ಅವಳಿಗೆ ಅಜ್ಜಿಯೇ ಎಲ್ಲ.

ಊರವರು ಸೋಮಾರಿತನ ಅಂದರು, ಮದುವೆ ಮಾಡಿದರೆ ಸರಿಹೋಗುತ್ತದೆ ಅಂದರು. ಸಾಗರದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಗೆಳತಿ ಆಶಾ ಮಾತ್ರ ಯಾರ ಮಾತೂ ಕೇಳದೆ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಇದು ಖಿನ್ನತೆ ಎಂಬ ಕಾಯಿಲೆ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಅಂದರು. ಮಾತ್ರೆಯ ಜೊತೆಗೆ ನಾಲ್ಕು ಕೆಲಸ ಹೇಳಿದರು. ದಿನಾ ಒಂದೇ ಹೊತ್ತಿಗೆ ಏಳುವುದು, ಸ್ನಾನ, ಹೊತ್ತಿಗೆ ಸರಿಯಾಗಿ ಊಟ, ದಿನಕ್ಕೊಮ್ಮೆ ಗೇಟು ದಾಟುವುದು.

ಮೊದಲ ಮೂರನ್ನು ಕೆರಿಯಮ್ಮ ಬೈದು, ಮುದ್ದು ಮಾಡಿ, ಹೇಗೋ ಮಾಡಿಸುತ್ತಿದ್ದಳು. ನಾಲ್ಕನೆಯದು ಮಾತ್ರ ಆಗಿರಲಿಲ್ಲ. ಅದಕ್ಕೇ ಆಶಾಳ ಈ ಪಿತೂರಿ! ಆಸ್ಪತ್ರೆಯ ಮಾತ್ರೆಯಿಂದ ಹಿಡಿದು ಮದುವೆಯ ಬ್ಲೌಸಿನವರೆಗೆ ಎಲ್ಲವನ್ನೂ ಬಸ್ಸಿಗೆ ಕೊಟ್ಟು ಕಳಿಸುವ ಊರಲ್ಲವೇ ಇದು?

ಪೊಟ್ಟಣ ಬಿಚ್ಚಿದರೆ ಒಳಗೆ ಎರಡು ಬೆಣ್ಣೆ ಬನ್ನು, ಒಂದು ಚೀಟಿ. ದಿನಾ ಒಂದೊಂದು ಪೊಟ್ಟಣ ಕಳಿಸುತ್ತೇನೆ, ನೀನೇ ಹೋಗಿ ತಗೊಳ್ಳಬೇಕು, ಅಜ್ಜಿಯನ್ನು ಕಳಿಸಿದರೆ ಕೊಡಬೇಡ ಅಂತ ಕಂಡಕ್ಟರಿಗೆ ಹೇಳಿದ್ದೇನೆ ಎಂದು ಅದರಲ್ಲಿ ಬರೆದಿತ್ತು.

ಸುಷ್ಮಾ ಒಂದು ಬನ್ನು ಪೂರ್ತಿ ತಿಂದಳು. ಒಲೆಯ ಮುಂದೆ ಕೂತಿದ್ದ ಕೆರಿಯಮ್ಮ ನೋಡಿಯೂ ನೋಡದವಳಂತೆ ಕಣ್ಣು ಒರೆಸಿಕೊಂಡಳು.

ಕಂಡಕ್ಟರನ ಹೆಸರು ನಿರಂಜನ ಎಂದು ಎರಡನೆಯ ದಿನ ಗೊತ್ತಾಯಿತು. ಬಸ್ಸು ಅಲ್ಲೇ ತಿರುಗಿ ವಾಪಸು ಸಾಗರಕ್ಕೆ ಹೊರಡುವ ಮುಂಚೆ ಹತ್ತು ನಿಮಿಷ ನಿಲ್ಲುತ್ತಿತ್ತು. ಡ್ರೈವರು ಮಂಜುನಾಥಪ್ಪ ಚಾ ಕುಡಿಯಲು ಹೋಗುತ್ತಿದ್ದರು. ಮೊದಮೊದಲು ಸುಷ್ಮಾ ಪೊಟ್ಟಣ ತಗೊಂಡು ಮಾತಾಡದೆ ತಿರುಗಿ ಹೋಗುತ್ತಿದ್ದಳು.

ಎರಡನೆಯ ವಾರ ನಿರಂಜನ ಒಂದು ಕಾಗದ ಮುಂದೆ ಹಿಡಿದ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದೇನೆ, ಗಣಿತ ತಲೆಗೆ ಹತ್ತುವುದಿಲ್ಲ, ನೀವು ಟೀಚರ್ ಅಂತೆ, ಇದೊಂದು ನೋಡಿ ಅಂದ. ಒಂದು ತೊಟ್ಟಿ, ಎರಡು ನಲ್ಲಿಯ ಲೆಕ್ಕ. ಒಂದು ನೀರು ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ಈ ಪುಣ್ಯಾತ್ಮ ಎರಡನ್ನೂ ಕೂಡಿಸಿಬಿಟ್ಟಿದ್ದ!

"ಖಾಲಿ ಮಾಡೋದನ್ನ ಕಳೀಬೇಕು ಕಣ್ರೀ. ಏಳನೇ ಕ್ಲಾಸಿನ ಮಕ್ಕಳೂ ಹೀಗೆ ಮಾಡಲ್ಲ," ಅಂದಳು ಸುಷ್ಮಾ. ತನ್ನ ದನಿ ಕೇಳಿ ತಾನೇ ಬೆಚ್ಚಿದಳು. ಅದು ಕ್ಲಾಸಿನಲ್ಲಿದ್ದ ಹಳೆಯ ದನಿಯೇ ಆಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ! ದಿನಕ್ಕೊಂದು ಲೆಕ್ಕ, ದಿನಕ್ಕೊಂದು ಹೊಸ ತಪ್ಪು. ರೈಲು ಸೇತುವೆ ದಾಟುವ ಲೆಕ್ಕದಲ್ಲಿ ಸೇತುವೆಯನ್ನೇ ಮರೆತಿರುತ್ತಿದ್ದ. ವಯಸ್ಸಿನ ಲೆಕ್ಕದಲ್ಲಿ ಮಗ ಅಪ್ಪನಿಗಿಂತ ದೊಡ್ಡವನಾಗಿರುತ್ತಿದ್ದ. ಸುಷ್ಮಾ ಬೈಯುತ್ತಿದ್ದಳು, ತಿದ್ದುತ್ತಿದ್ದಳು, ಒಂದು ದಿನ ಬಸ್ಸಿನ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎಲ್ಲ ದಿನವೂ ಹಾಗಿರಲಿಲ್ಲ. ಫೆಬ್ರವರಿಯಲ್ಲಿ ಮೂರು ದಿನ ಏಳಲೇ ಆಗಲಿಲ್ಲ. ನಾಲ್ಕನೆಯ ದಿನ ತಲೆ ತಗ್ಗಿಸಿಕೊಂಡು ಸ್ಟಾಪಿಗೆ ಬಂದಾಗ ನಿರಂಜನ ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಚೀಲದಿಂದ ನಾಲ್ಕು ಪೊಟ್ಟಣ ತೆಗೆದು ಒಂದರ ಮೇಲೊಂದು ಅವಳ ಕೈಗಿಟ್ಟ. 'ಇವನು ಪ್ರಶ್ನೆ ಕೇಳುವುದಿಲ್ಲ...' ಆ ದಿನ ಅವಳು ಮೊದಲ ಸಲ ಅವನ ಕಣ್ಣನ್ನು ಸರಿಯಾಗಿ ನೋಡಿದಳು.

ಮಾರ್ಚ್ ಹೊತ್ತಿಗೆ ಎಂಟೂವರೆಗೇ ಅವಳ ಸ್ನಾನ ಮುಗಿದಿರುತ್ತಿತ್ತು. ಕೂದಲಿಗೆ ಎಣ್ಣೆ, ಹಣೆಗೆ ಬೊಟ್ಟು. ಅಜ್ಜಿ ಕಣ್ಣು ಕಿರಿದು ಮಾಡಿ, ಪೊಟ್ಟಣ ತರಕ್ಕೆ ಇಷ್ಟೆಲ್ಲ ಬೇಕಾ ಅಂತ ಛೇಡಿಸುತ್ತಿದ್ದಳು. ಬೇಕು ಅಜ್ಜಿ, ಬೇಕು! ಹಾಗಂತ ಸುಷ್ಮಾ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಏಪ್ರಿಲ್ ಮೊದಲ ವಾರ, ಅವಳು ಅರ್ಜಿ ಹಾಕಿದ್ದ ತೀರ್ಥಹಳ್ಳಿಯ ಬೇರೊಂದು ಶಾಲೆಯಿಂದ ಫೋನು ಬಂತು. ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಡೆಮೊ ಕ್ಲಾಸ್ ತೆಗೆದುಕೊಳ್ಳಬೇಕು, ಚೆನ್ನಾಗಿ ಮಾಡಿದರೆ ಕೆಲಸ. ಕೆಲಸ ಸಿಕ್ಕಿದರೆ ಮತ್ತೆ ತನ್ನ ಕಾಲ ಮೇಲೆ ನಿಲ್ಲಬಹುದು. ಮತ್ತೆ ಹಳೆಯದೇ ಆದರೆ? ಸುಷ್ಮಾ ಹೂಂ ಅಂದು ಫೋನಿಟ್ಟಳು. ಮೊದಲು ನಿರಂಜನನಿಗೇ ಹೇಳಬೇಕು ಅಂದುಕೊಂಡಳು.

ಆ ಗುರುವಾರ ಡಾಕ್ಟರ ಹತ್ತಿರ ಹೋಗುವುದಿತ್ತು. ಬೆಳಿಗ್ಗೆ ಏಳರ ಬಸ್ಸಿಗೆ ಒಬ್ಬಳೇ ಸಾಗರಕ್ಕೆ ಹೋದಳು. ಡಾಕ್ಟರು ಖುಷಿಪಟ್ಟರು, ಮಾತ್ರೆ ಮಾತ್ರ ತಾನಾಗಿ ನಿಲ್ಲಿಸಬಾರದು ಎಂದು ಎಚ್ಚರಿಸಿದರು. ಆಮೇಲೆ ಆಶಾಳ ಅಂಗಡಿಯಲ್ಲಿ ಕೂತು ಹರಟುವಾಗ ನಿರಂಜನನ ಪೆದ್ದು ಲೆಕ್ಕಗಳ ಸುದ್ದಿ ಬಂತು.

ಆಶಾ ಕಣ್ಣು ಕಣ್ಣು ಬಿಟ್ಟಳು.

"ನಮ್ಮ ನಿರಂಜನಂಗೆ ಲೆಕ್ಕ ಬರಲ್ವಾ? ಬಿಎಸ್ಸಿ ಮ್ಯಾಥ್ಸಲ್ಲಿ ಕಾಲೇಜಿಗೇ ಫಸ್ಟ್ ಬಂದವನು ಮಾರಾಯ್ತಿ. ಬಸ್ಸೇ ಇಷ್ಟ ಅಂತ ಕಂಡಕ್ಟರಾಗಿದ್ದಾನೆ. ಪರೀಕ್ಷೆ ಗಿರೀಕ್ಷೆ ಎಂತದೂ ಇಲ್ಲ."

ಸುಷ್ಮಾಳ ಕೈಯಲ್ಲಿದ್ದ ಜ್ಯೂಸಿನ ಲೋಟ ಹಾಗೇ ನಿಂತಿತು.

'ಹಾಗಾದರೆ... ಎಲ್ಲ ನಾಟಕವಾ? ನಾನು ತಿದ್ದಿದ್ದು, ಬೈದದ್ದು, ಖುಷಿಪಟ್ಟದ್ದು, ಎಲ್ಲವನ್ನೂ ಒಳಗೊಳಗೇ ನಗುತ್ತಾ ನೋಡುತ್ತಿದ್ದನಾ? ಪಾಪ, ತಲೆ ಸರಿಯಿಲ್ಲದ ಹುಡುಗಿ, ಸ್ವಲ್ಪ ಆಡಿಸೋಣ ಅಂತ!' ಅವನ ಕಣ್ಣಲ್ಲಿ ತಾನು ಬರೀ ರೋಗಿ. ಅದಕ್ಕೇ ಮುಖಕ್ಕೆ ಹೊಡೆದಷ್ಟು ನೋವಾಯಿತು. ತನಗೆ ಅವನ ಮೇಲೆ ಪ್ರೀತಿಯಾಗಿದೆ ಎಂದು ಸುಷ್ಮಾಗೆ ಖಚಿತವಾಗಿ ಗೊತ್ತಾದದ್ದು ಅದೇ ಗಳಿಗೆಯಲ್ಲಿ.

ಶುಕ್ರವಾರ ಅವಳು ಬಸ್ಸಿಗೆ ಹೋಗಲಿಲ್ಲ. ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ.

ಕೆರಿಯಮ್ಮನಿಗೆ ಜೀವ ಬಾಯಿಗೆ ಬಂದಿತ್ತು, ಹುಡುಗಿ ಮತ್ತೆ ಮಂಚ ಹಿಡಿಯುತ್ತಾಳಾ ಅಂತ. ಆದರೆ ಸುಷ್ಮಾ ಆರೂವರೆಗೆ ಎದ್ದಳು. ಅಳುತ್ತಲೇ ಸ್ನಾನ ಮಾಡಿದಳು. ಸಿಟ್ಟಿನಲ್ಲೇ ದೋಸೆ ತಿಂದಳು, ಮಾತ್ರೆ ನುಂಗಿದಳು. ಬಸ್ ಸ್ಟಾಪಿನ ಕಡೆ ಬೇಡವೆಂದು ಗೇಟು ದಾಟಿ ಕೆರೆಯ ಕಡೆ ನಡೆದಳು. ಭಾನುವಾರ ಸಂಜೆ ಬಟ್ಟೆ ಮಡಚುವಾಗ ಅವಳಿಗೇ ಅದು ಹೊಳೆಯಿತು. ಅವನಿಲ್ಲದೆಯೂ ಮೂರು ದಿನ ಕಳೆದಿದ್ದಳು!

"ನಾಳೆ ತೀರ್ಥಳ್ಳಿಗೆ ಹೋಗ್ತೀನಿ ಅಜ್ಜಿ," ಅಂದಳು.

ತೊಡಕು ಏನೆಂದರೆ, ಎರಡು ಗಂಟೆಯೊಳಗೆ ತೀರ್ಥಹಳ್ಳಿ ಮುಟ್ಟಬೇಕೆಂದರೆ ಹೊಸನಗರದವರೆಗೆ ಅದೇ ಬಸ್ಸಿನಲ್ಲಿ ಹೋಗಬೇಕು. ಬೇರೆ ದಾರಿ ಇರಲಿಲ್ಲ.

ಸೋಮವಾರ ಹಸಿರು ಕಾಟನ್ ಸೀರೆ ಉಟ್ಟು ಬಸ್ಸು ಹತ್ತಿದಳು. ಅವಳನ್ನು ನೋಡಿದ್ದೇ ತಡ ನಿರಂಜನನ ಮುಖ ಅರಳಿತು, ಅವಳ ಸಿಟ್ಟು ಕಂಡು ಮುದುಡಿತು.

"ಹೊಸನಗರ, ಒಂದು," ಅಂದು ಸುಷ್ಮಾ ಕಿಟಕಿಯ ಕಡೆ ತಿರುಗಿದಳು. "ಬಿಎಸ್ಸಿ ಮಾಡಿದವರಿಗೆ ಚಿಲ್ಲರೆ ಎಷ್ಟು ಕೊಡಬೇಕು ಅಂತ ಗೊತ್ತಿರಬೇಕಲ್ಲ."

ನಿರಂಜನ ಟಿಕೆಟ್ಟು ಹರಿದು ಕೊಟ್ಟ. ಒಂದು ಗಂಟೆಯ ದಾರಿಯಲ್ಲಿ ಆರು ಸಲ ಅವಳ ಸೀಟಿನವರೆಗೆ ಬಂದು ಆರು ಸಲವೂ ಹಿಂದಕ್ಕೆ ಹೋದ. ಮಂಜುನಾಥಪ್ಪನವರು ಕನ್ನಡಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದರು.

ಹೊಸನಗರದ ಬಸ್ ಸ್ಟ್ಯಾಂಡ್. ತೀರ್ಥಹಳ್ಳಿಯ ಬಸ್ಸು ಆಗಲೇ ಇಂಜಿನ್ ಶುರು ಮಾಡಿ ನಿಂತಿತ್ತು. ಸುಷ್ಮಾ ಇಳಿದು ಬಿರಬಿರನೆ ನಡೆದಳು. ನಿರಂಜನ ಹಿಂದೆಯೇ ಓಡಿಬಂದ.

"ಹೌದು, ಸುಳ್ಳು ಹೇಳಿದೆ. ತಪ್ಪು ನಂದೇ."

"ಕನಿಕರಕ್ಕಾ?" ಅವಳು ತಿರುಗಿ ನಿಂತಳು.

"ಮೊದಲ ದಿನ, ಹೌದು. ನೀವು ಮಾತಾಡ್ಲಿ ಅಂತ. ಆಶಾ ಹೇಳಿದ್ದಲ್ಲ ಅದು, ನಾನೇ ಮಾಡಿದ್ದು. ಆಮೇಲೆ ಕನಿಕರ ಇರಲಿಲ್ಲ, ಭಯ ಇತ್ತು. ಲೆಕ್ಕ ಇಲ್ದಿದ್ರೆ ನೀವು ಪೊಟ್ಟಣ ತಗೊಂಡು ಹೋಗಿಬಿಡ್ತೀರಲ್ಲ ಅಂತ." ಅವನು ಉಸಿರು ಎಳೆದುಕೊಂಡ. "ಸರಿಯಾಗಿ ಮಾಡೋದು ಸುಲಭ ಸುಷ್ಮಾ ಅವರೇ. ದಿನಾ ಹೊಸ ತಪ್ಪು ಹುಡುಕೋದು ಎಷ್ಟು ಕಷ್ಟ ಗೊತ್ತಾ? ಸಾಗರದಿಂದ ಹೊಸನಗರದವರೆಗೆ ಅದೇ ಯೋಚನೆ. ನಂಗೆ ನೀವಂದ್ರೆ ಇಷ್ಟ. ಹೇಳಕ್ಕೆ ಬರಲಿಲ್ಲ."

ಎರಡೂ ಬಸ್ಸುಗಳು ಒಟ್ಟಿಗೆ ಹಾರ್ನ್ ಹೊಡೆದವು. ಸುಷ್ಮಾಳ ಕಿವಿಯವರೆಗೆ ಬಿಸಿಯೇರಿತು. ನಗು ಉಕ್ಕಿ ಬರುತ್ತಿತ್ತು, ಅಳುವೂ! ಆದರೆ ಒಂದು ಮಾತು ಕೇಳಲೇಬೇಕಿತ್ತು. ಅದನ್ನು ಕೇಳದೆ ಅವಳು ಯಾರ ಪ್ರೀತಿಯನ್ನೂ ಒಪ್ಪುವ ಹಾಗಿರಲಿಲ್ಲ.

"ಮಾತ್ರೆ ಇನ್ನೂ ತಗೊಳ್ತಿದೀನಿ. ಮತ್ತೆ ಮಂಚ ಬಿಟ್ಟು ಏಳದ ದಿನ ಬರಬಹುದು. ಮದುವೆಯಾದ ಮೇಲೂ ಬರಬಹುದು. ಆಗ ಎಂತ ಮಾಡ್ತೀರಿ?"

ನಿರಂಜನ ಒಂದೊಂದೇ ಬೆರಳು ಮಡಚುತ್ತಾ ಹೇಳಿದ.

"ಕಿಟಕಿ ತೆಗೀತೀನಿ. ಗಂಜಿ ಕಾಯಿಸ್ತೀನಿ. ಮಾತ್ರೆ ಆಯ್ತಾ ಅಂತ ಕೇಳ್ತೀನಿ. ನೀವು ಮಾತಾಡದಿದ್ರೂ ಹತ್ರ ಕೂತಿರ್ತೀನಿ. ಗುಣ ಮಾಡ್ತೀನಿ ಅಂತ ಮಾತ್ರ ಹೇಳಲ್ಲ, ಅದು ಡಾಕ್ಟ್ರ ಕೆಲಸ."

ಸುಷ್ಮಾ ಅವನನ್ನೇ ನೋಡಿದಳು. ತಾನೇ ಅವಳನ್ನು ಸರಿಮಾಡುತ್ತೇನೆ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ತೀರ್ಥಹಳ್ಳಿಯ ಬಸ್ಸು ಹೊರಟೇಬಿಟ್ಟಿತು. ಸೆರಗು ಹಿಡಿದುಕೊಂಡು ಓಡಿ ಹತ್ತಿದಳು. ಉತ್ತರ ಹಾಗೇ ಉಳಿಯಿತು.

ಡೆಮೊ ಕ್ಲಾಸು ನಲವತ್ತು ನಿಮಿಷ. ಮೊದಲ ಐದು ನಿಮಿಷ ಬೋರ್ಡಿನ ಕಡೆಗೇ ಮುಖ ಮಾಡಿ ಬರೆದಳು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅರ್ಥವಾಗಲಿಲ್ಲ ಅಂದಳು. ಸುಷ್ಮಾ ಅವಳ ಹತ್ತಿರ ಹೋಗಿ ಮತ್ತೆ ಹೇಳಿಕೊಟ್ಟಳು. ಉಳಿದ ಹೊತ್ತು ಹೇಗೆ ಕಳೆಯಿತೋ ಗೊತ್ತಾಗಲೇ ಇಲ್ಲ.

ಸಂಜೆ ಆರಕ್ಕೆ ಅವಳ ಬಸ್ಸು ಹೊಸನಗರ ಮುಟ್ಟಿತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಿರಂಜನ ಕೂತಿದ್ದ! ತನ್ನ ಟ್ರಿಪ್ಪನ್ನು ಗೆಳೆಯ ತೀರ್ಥೇಶನಿಗೆ ವಹಿಸಿ ಬೆಳಿಗ್ಗೆ ಹತ್ತೂವರೆಯಿಂದ ಅಲ್ಲೇ ಕಾದಿದ್ದನಂತೆ. ಅವಳನ್ನು ನೋಡಿ ಎದ್ದು ನಿಂತ. ಪ್ರೀತಿಯ ಸುದ್ದಿ ಎತ್ತಲಿಲ್ಲ.

"ಊಟ ಆಯ್ತಾ?"

"ಇಲ್ಲ. ನಿಮ್ಮದು?"

"ಇಲ್ಲ."

ಅವಳು ಬ್ಯಾಗನ್ನು ಬೆಂಚಿನ ಮೇಲಿಟ್ಟು ಅವನ ಪಕ್ಕದಲ್ಲಿ ಕೂತಳು. ಕಾಲು ಸೋತಿತ್ತು, ಮನಸ್ಸು ಹಾರುತ್ತಿತ್ತು.

"ಶಾಲೇಲಿ ಜೂನ್ ಒಂದಕ್ಕೆ ಕೆಲಸಕ್ಕೆ ಬನ್ನಿ ಅಂದ್ರು. ಹೂಂ ಅಂದೆ."

ನಿರಂಜನನ ಕಣ್ಣು ತುಂಬಿತು. ಅವನು ತಲೆಯಾಡಿಸಿದ. ತನಗೇನು ಉತ್ತರ ಅಂತ ಕೇಳುವ ಧೈರ್ಯ ಇರಲಿಲ್ಲ, ಪಾಪ. ಸುಷ್ಮಾ ಅವನ ಕೈಬೆರಳುಗಳನ್ನು ಮೆಲ್ಲನೆ ಹಿಡಿದಳು.

"ನಿಂಗೂ ಹೂಂ, ನಿರಂಜನ."

"ಎಂತ ಅಂದ್ರಿ?"

"ಅಂದ್ರಿ ಅಲ್ಲ. ಅಂದೆ ಅನ್ನು."

ಅವನು ಅವಳ ಮುಖ ನೋಡಿದ.

"ಎಂತ ಅಂದೆ ಸುಷ್ಮಾ? ಇನ್ನೊಂದ್ಸಲ ಹೇಳು."

ಅವಳು ಇನ್ನೊಂದು ಸಲ ಹೇಳಿದಳು.