ಸೋಮಲಿಂಗಪ್ಪನವರ ತಾಟಿನಲ್ಲಿ ಉಪ್ಪು

ಮೊದಲ ತುತ್ತಿಗೇ ಸೋಮಲಿಂಗಪ್ಪ ಮುಖ ಕಿವುಚಿದರು.

"ಉಪ್ಪು! ಬರೇ ಉಪ್ಪು! ಇವತ್ತೂ ಹಂಗ!" ಎಂದು ತಾಟು ತಳ್ಳಿದರು.

ಗೋವಾದ ಪರ್ವರಿಯಲ್ಲಿದ್ದ ಅವರ ಖಾನಾವಳಿಗೆ ಸ್ನೇಹಲ್ ಮ್ಯಾನೇಜರಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಸೋಮಲಿಂಗಪ್ಪ ಅವಳ ಕಾಕಾ.

"ಥಾವರಪ್ಪಗ ವಯಸ್ಸಾತು. ಕೈ ಹದಾ ತಪ್ಪೇತಿ. ನಾಳಿ ಅವನ್ನ ಕೆಲಸದಿಂದ ತೆಗಿ."

"ನಾನಾ?"

"ಮತ್ಯಾರು? ಮ್ಯಾನೇಜರ್ ನೀನಲ್ಲ?"

ಈವರೆಗೆ ಯಾರನ್ನೂ ಕೆಲಸದಿಂದ ತೆಗೆದವಳಲ್ಲ ಅವಳು. ಅದೂ ಅಡುಗೆಯ ಥಾವರಪ್ಪನನ್ನು! ಚಿಕ್ಕವಳಿದ್ದಾಗ ರಜೆಗೆ ಬಂದರೆ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಡುತ್ತಿದ್ದವನನ್ನು!

ಅತ್ತ ಗಿರಾಕಿಗಳು ಅದೇ ಸಾರನ್ನು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಸ್ನೇಹಲ್‌ಗೆ ಅನುಮಾನ ಬಂತು. ಒಳಗೆ ಹೋಗಿ ಕೊಳಗದ ಸಾರು ರುಚಿ ನೋಡಿದಳು. ಉಪ್ಪು, ಖಾರ ಎಲ್ಲ ಸರಿಯಾಗಿತ್ತು.

ಅಂದರೆ ಕೆಟ್ಟದ್ದು ಕಾಕಾನ ತಾಟು ಮಾತ್ರ.

ಆ ತಾಟು ತಂದಿಟ್ಟವನು ಬಡಿಸುವ ಹುಡುಗ ಪರಶು. ತನಗೆ ಒಲೆಯ ಕೆಲಸ ಕೊಡಿ ಎಂದು ಮೊನ್ನೆಯಷ್ಟೇ ಅವಳ ಬೆನ್ನು ಬಿದ್ದಿದ್ದ.

*

ಮರುದಿನ ಪರಶುವನ್ನು ಮಾಪ್ಸಾ ಪೇಟೆಗೆ ಕಳಿಸಿದಳು. ಥಾವರಪ್ಪ ಬಡಿಸಿಟ್ಟ ತಾಟನ್ನು ತಾನೇ ಎತ್ತಿಕೊಂಡಳು. ಬಾಗಿಲು ದಾಟುವ ಮೊದಲು ಸಾರಿಗೆ ಬೆರಳದ್ದಿ ನಾಲಿಗೆಗಿಟ್ಟಳು.

ಉಪ್ಪು!

ಅಲ್ಲಿಂದಲೇ ಹಿಂದಿರುಗಿದಳು.

"ಅಣ್ಣಾ, ಉಪ್ಪು ಹಾಕಿದವ್ರು ನೀವ."

ಥಾವರಪ್ಪ ಸೌಟು ಕೆಳಗಿಟ್ಟ. "ಏನಂತೀರಿ ಅಕ್ಕಾರ?"

"ಪರಶು ಇವತ್ತ ಇಲ್ಲ. ಆದ್ರೂ ಕಾಕಾನ ಸಾರು ಉಪ್ಪು. ವಯಸ್ಸಾಗಿ ಕೈ ತಪ್ಪಿದ್ರ ಎಲ್ಲಾರ ಸಾರೂ ಕೆಡಬೇಕಿತ್ತು. ಸಿಟ್ಟಿದ್ರ ಕೊಳಗಕ್ಕ ಸುರುವತಿದ್ರಿ. ಗಿರಾಕಿ ಊಟ ಕೆಡಸಾಕ ನಿಮಗ ಮನಸಿಲ್ಲ. ಕಾಕಾ ಮಾತ್ರ ಸಿಟ್ಟಿಗೆದ್ದು ನಿಮ್ಮನ್ನ ಹೊರಗ ಹಾಕಬೇಕು. ಹೌದಲ್ಲ?"

ಥಾವರಪ್ಪ ತಲೆ ತಗ್ಗಿಸಿದ.

"ಹೌದ್ರಿ. ಝುವಾರಿನಗರದಾಗ ನನ್ನ ಹೇಣ್ತಿ ಹೇಮಿಬಾಯಿ ರೊಟ್ಟಿ ಅಂಗಡಿ ಇಟ್ಟಾಳ್ರಿ. ಫ್ಯಾಕ್ಟರಿ ಮಂದಿ ಮುಗಿಬೀಳಾಕತ್ತಾರ. ಒಬ್ಬಾಕಿಗೆ ಆಗವಲ್ದು, ಬಾ ಅಂತ ದಿನಾ ಕರಿತಾಳ."

"ಕೆಲಸ ಬಿಡ್ತೀನಿ ಅಂದ್ರ ಆಗ್ತಿತ್ತಲ್ಲ?"

"ಹೆಂಗ ಅನ್ನಲ್ರಿ? ಊರು ಬಿಟ್ಟು ಬಂದಾಗ ಇರಾಕ ಜಾಗಾ ಕೊಟ್ಟು, ಅಡಗಿ ಕಲಿಸಿದವ್ರು ಸಾವಕಾರ್ರು. ನೀವಾಗಿ ತೆಗಿಯೂ ಮಟ ಹೋಗಂಗಿಲ್ಲ ಅಂತ ಅವ್ರಿಗೆ ಮಾತು ಕೊಟ್ಟೇನ್ರಿ."

ಹಿಂದಿನಿಂದ ದೊಡ್ಡ ನಗು ಕೇಳಿಸಿತು. ಊಟ ಯಾಕೆ ಬರಲಿಲ್ಲವೆಂದು ನೋಡಲು ಬಂದ ಸೋಮಲಿಂಗಪ್ಪ ಬಾಗಿಲು ಹಿಡಿದು ನಗುತ್ತಿದ್ದರು.

"ಹುಚ್ಚಪ್ಯಾಲಿ! ಮಾತು ಉಳಿಸಾಕ ನನ್ನ ನಾಲಿಗಿ ಕೆಡಿಸಿದೆಲ್ಲೋ!" ಕಣ್ಣೊರೆಸಿಕೊಂಡರು. "ಸ್ನೇಹಲ್, ಏನ್ ನೋಡ್ತಿ? ತೆಗಿ ಅವನ್ನ!"

ಸ್ನೇಹಲ್ ಗಂಟಲು ಸರಿಮಾಡಿಕೊಂಡಳು.

"ಥಾವರಪ್ಪಣ್ಣ, ಇವತ್ತಿಂದ ನಿಮ್ಮನ್ನ ಕೆಲಸದಿಂದ ತೆಗದೇವಿ."

"ಭಾಳ ಉಪಕಾರ ಆತ್ರಿ ಅಕ್ಕಾರ!"

ಸಾವಕಾರರ ಕಾಲು ಮುಟ್ಟಲು ಬಗ್ಗಿದವನನ್ನು ಅವರು ಎಳೆದು ತಬ್ಬಿಕೊಂಡರು.

*

ಪರಶುವಿಗೆ ಒಲೆ ಸಿಕ್ಕಿತು. ರವಿವಾರ ಸ್ನೇಹಲ್ ಮತ್ತು ಕಾಕಾ ಝುವಾರಿನಗರಕ್ಕೆ ಹೋದರು. ರೊಟ್ಟಿ ಅಂಗಡಿಯ ಮುಂದೆ ಉದ್ದನೆಯ ಸಾಲು. ಕಾಕಾ ನೆಟ್ಟಗೆ ಒಳಗೆ ನುಗ್ಗಿದರು. ಹೇಮಿಬಾಯಿ ಹಿಟ್ಟಿನ ಕೈ ಅಡ್ಡ ಹಿಡಿದಳು.

"ಸಾವಕಾರ್ರ, ಪಾಳಿಗೆ ನಿಂದರ್ರಿ!"

ಕಾಕಾ ಖುಷಿಯಿಂದ ಹೋಗಿ ಸಾಲಿನ ಕೊನೆಗೆ ನಿಂತರು. ಮುಂದಿದ್ದವನ ಹೆಗಲು ತಟ್ಟಿ ಹೇಳಿದರು:

"ಒಳಗ ಅಡಗಿ ಮಾಡಾಕತ್ತಾನಲ್ಲ, ಅಂವ ನನ್ನ ಶಿಷ್ಯ!"