ಸೊನ್ನೆ ಮೇಲಿರುವ ಕೊಳವೆ

"ಮಿಸ್, ಸೊನ್ನೆ ಮೇಲ್ಗಡೆ ಇದೆ! ಉಲ್ಟಾ ಪ್ರಿಂಟ್ ಆಗಿದೆಯಾ?"

ಹಿಂದಿನ ಬೆಂಚಿನ ಹುಡುಗ ಕೇಳಿದ್ದಕ್ಕೆ ಇಡೀ ಕ್ಲಾಸು ನಕ್ಕಿತು. ವಿಜ್ಞಾನದ ಮಿಸ್ ಕೈಯಲ್ಲಿದ್ದ ಉದ್ದನೆಯ ಗಾಜಿನ ಕೊಳವೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಉಲ್ಟಾ ಅಲ್ಲ. ಒಳಗೆ ಎಷ್ಟು ನೀರಿದೆ ಅಂತ ಇದು ಹೇಳಲ್ಲ. ಹೊರಗೆ ಎಷ್ಟು ಬಿಟ್ವಿ ಅಂತ ಹೇಳುತ್ತೆ. ಅದಕ್ಕೇ ಸೊನ್ನೆ ಮೇಲೆ. ಗೆರೆಗಳನ್ನೂ ಮೇಲಿಂದ ಕೆಳಕ್ಕೇ ಎಣಿಸ್ಬೇಕು."

ಮೂರನೇ ಬೆಂಚಿನಲ್ಲಿ ಕೂತಿದ್ದ ಗಡಿಬಿಡಿಯ ನಗು ಅಲ್ಲೇ ನಿಂತಿತು.

ಅವಳಿಗೆ ಬೇರೆ ಹೆಸರಿಲ್ಲ ಎಂದೇನಲ್ಲ. ಆದರೆ ಎಡಗಾಲಿನ ಶೂ ಬಲಗಾಲಿಗೆ ಹಾಕಿಕೊಂಡು ಗೇಟಿನ ತನಕ ಓಡುವ ಹುಡುಗಿಯನ್ನು ಇನ್ನೇನೆಂದು ಕರೆಯುತ್ತಾರೆ?

ಅವಳ ಅಮ್ಮ ಮೆಕ್ಯಾನಿಕ್. ಬೇರೆಯವರ ಗಾಡಿ ರಿಪೇರಿ ಮಾಡಿ ಮಿಕ್ಕ ಹೊತ್ತಿನಲ್ಲಿ, ಒಂದು ವರ್ಷದಿಂದ ತನ್ನದೇ ಹಳೆಯ ಕಾರಿನ ಎಂಜಿನ್ ಕಟ್ಟುತ್ತಿದ್ದಳು. ಸಾಲಾಗಿ ಆರು ಸಿಲಿಂಡರು. ಅವುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಕಬ್ಬಿಣದ ದೊಡ್ಡ ತುಂಡಿಗೆ ಹೆಡ್ ಎನ್ನುತ್ತಾರೆ. ಹೆಡ್ಡಿನ ಅಡಿಯಲ್ಲಿ ಆರು ಗುಳಿಗಳು.

"ಗುಳಿ ಚಿಕ್ಕದಾದಷ್ಟೂ ಗಾಳಿ, ಪೆಟ್ರೋಲು ಎರಡೂ ಬಿಗಿಯಾಗಿ ಒತ್ಕೊಂಡು ಜೋರಾಗಿ ಉರಿಯುತ್ತೆ," ಎಂದಿದ್ದಳು ಅಮ್ಮ. "ಕಂಪ್ರೆಶನ್ ಏರಿಸೋದು ಅಂದ್ರೆ ಇದೇ. ಗುಳಿ ಚಿಕ್ಕದಾಗೋಕೆ ಹೆಡ್ಡಿನ ಅಡೀನ ಚೂರು ಹೆರೆಸ್ಬೇಕು."

"ಜಾಸ್ತಿ ಹೆರೆದ್ರೆ?"

"ಎಂಜಿನ್ ಟಣಟಣ ಬಡ್ಕೊಳುತ್ತೆ. ಪಿಸ್ಟನ್ ತೂತಾದ್ರೂ ಆಯ್ತು. ಹೆರೆದದ್ದು ಮತ್ತೆ ಅಂಟಲ್ಲ ಚಿನ್ನ. ಇಂಥ ಹೆಡ್ ಈಗ ಯಾವ ಅಂಗಡೀಲೂ ಸಿಗಲ್ಲ."

ಅದಕ್ಕೇ ನಿನ್ನೆ ಗುಳಿಗಳನ್ನು ಅಳೆದಿದ್ದರು. ಹೆಡ್ಡನ್ನು ಮಗುಚಿ, ಗುಳಿಯ ಮೇಲೆ ಸಣ್ಣ ತೂತಿನ ಪ್ಲಾಸ್ಟಿಕ್ ಹಲಗೆ ಮುಚ್ಚಿ, ಇಂಥದೇ ಗಾಜಿನ ಕೊಳವೆಯಿಂದ ಬಣ್ಣದ ನೀರು ತುಂಬಿಸಿದ್ದರು. ಅಮ್ಮನ ಕನ್ನಡಕ ಮುರಿದು ರಿಪೇರಿಗೆ ಹೋಗಿತ್ತು. ಹಾಗಾಗಿ ಅಂಕಿ ಓದುವ ಕೆಲಸ ಮೊದಲ ಸಲ ಗಡಿಬಿಡಿಗೆ ಸಿಕ್ಕಿತ್ತು. ಅವಳಿಗೆ ಕೋಡು ಮೂಡುವುದೊಂದು ಬಾಕಿ.

"ನಲವತ್ನಾಲ್ಕು ಪಾಯಿಂಟ್ ಆರು!" ಎಂದು ಪಟಪಟ ಓದಿದ್ದಳು. ಆರು ಗುಳಿಗಳ ಲೆಕ್ಕವೂ ಹತ್ತಿರಹತ್ತಿರ ಬಂದಿತ್ತು. ಅಮ್ಮ ಖುಷಿಯಿಂದ ಬರೆದುಕೊಂಡಿದ್ದಳು.

ಈಗ ಗಡಿಬಿಡಿ ನೋಟ್‌ಬುಕ್ಕಿನಲ್ಲಿ ಕೊಳವೆ ಬರೆದು ನೋಡಿದಳು. ತಾನು ನಲವತ್ತನಾಲ್ಕರಿಂದ ಮೇಲಕ್ಕೆ ಆರು ಗೆರೆ ಎಣಿಸಿದ್ದಳು. ನಲವತ್ತಮೂರರಿಂದ ಕೆಳಕ್ಕೆ ನಾಲ್ಕು ಎಣಿಸಿ, ನಲವತ್ತಮೂರು ಪಾಯಿಂಟ್ ನಾಲ್ಕು ಎನ್ನಬೇಕಿತ್ತು. ಗುಳಿಗಳು ಅಮ್ಮ ಅಂದುಕೊಂಡದ್ದಕ್ಕಿಂತ ಚಿಕ್ಕವು! ಆ ಲೆಕ್ಕ ಹಿಡಿದು ಹೆರೆದರೆ ಜಾಸ್ತಿ ಹೆರೆದಂತೆಯೇ.

ಹೆಡ್ ಬೆಳಿಗ್ಗೆಯೇ ಲೇತ್ ಅಂಗಡಿಗೆ ಹೋಗಿತ್ತು. "ಮಧ್ಯಾಹ್ನದೊಳಗೆ ಮುಗಿಸ್ತೀನಿ," ಎಂದಿದ್ದರು ಲೇತ್ ಮಾಮ.

ಶನಿವಾರದ ಅರ್ಧ ದಿನದ ಶಾಲೆ ಅಂದು ಮುಗಿಯಲೇ ಒಲ್ಲದು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಹೇಳಿದರೆ ಅಮ್ಮ ಇನ್ನೆಂದೂ ಕೊಳವೆ ಮುಟ್ಟಲು ಬಿಡುವುದಿಲ್ಲ. ಆದರೆ ಆ ಟಣಟಣ ಸದ್ದು ಈಗಲೇ ಕಿವಿಯಲ್ಲಿ ಶುರುವಾಗಿತ್ತು. ಬೆಲ್ ಹೊಡೆದದ್ದೇ ತಡ, ಬ್ಯಾಗಿನ ಜಿಪ್ಪೂ ಹಾಕದೆ ಓಡಿದಳು. ತಿರುವಿನಲ್ಲಿ ಕಂಪಾಸ್ ಬಾಕ್ಸ್ ಬಿತ್ತು. ಹೆಕ್ಕಲು ನಿಲ್ಲಲಿಲ್ಲ.

ಬೀದಿಯ ತುದಿಗೇ ಮೆಶಿನ್ ಸದ್ದು ಕೇಳಿಸಿತು. ಒಂದೇ ಉಸಿರಿಗೆ ಲೇತ್ ಅಂಗಡಿಯೊಳಗೆ ನುಗ್ಗಿದಳು.

"ಮಾಮ, ನಿಲ್ಸಿ! ನಿಲ್ಸಿ!"

ಲೇತ್ ಮಾಮ ಬೆಚ್ಚಿ ಸ್ವಿಚ್ ಆರಿಸಿದರು. "ಏನಾಯ್ತೇ ಗಡಿಬಿಡಿ? ಯಾರಿಗೇನಾಯ್ತು?"

"ಎಷ್ಟು ಹೆರೆದ್ರಿ?"

"ನಿಮ್ಮಮ್ಮ ಹೇಳಿದ್ದರಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ. ಯಾಕೆ?"

ಗಡಿಬಿಡಿಗೆ ಅಳು ಬಂದುಬಿಟ್ಟಿತು. ಮಾಮ ಫೋನ್ ಮಾಡಿದರು. ಅಮ್ಮ ಕೊಳವೆಯ ಡಬ್ಬ ಹಿಡಿದು ಬಂದಾಗ, ಅವಳು ಬಿಕ್ಕುತ್ತಲೇ ಎಲ್ಲ ಹೇಳಿದಳು.

ಅಮ್ಮ ಹೊಳೆಯುವ ಹೆಡ್ಡಿನ ಮೇಲೆ ಬೆರಳಾಡಿಸಿದಳು.

"ಆರಕ್ಕೆ ಆರೂ ಒಂದೇ ಥರ ತಪ್ಪು ಓದಿದೀಯ," ಎಂದಳು ಕೊನೆಗೆ. "ಒಂದಾದ್ರೂ ಸರಿ ಓದಿದ್ರೆ ನಂಗೆ ಅನುಮಾನ ಬರ್ತಿತ್ತು."

ಲೇತ್ ಮಾಮ ಕಿಸಕ್ಕನೆ ನಕ್ಕು, ಅಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಅಮ್ಮ ಗುಳಿಯ ಮೇಲೆ ಹಲಗೆ ಮುಚ್ಚಿ, ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬಣ್ಣದ ನೀರು ಬಿಟ್ಟಳು. ಗುಳಿ ತುಂಬಿದೊಡನೆ ಕೊಳವೆಯ ನಲ್ಲಿ ಮುಚ್ಚಿದಳು.

"ಸ್ಟೂಲ್ ಹತ್ತು."

"ನಾನಾ?"

"ಇನ್ಯಾರು, ಮಾಮನಾ? ಹತ್ತು."

ಗಡಿಬಿಡಿ ಹತ್ತಿದಳು. ಆಗ ಅವಳಿಗೆ ಅಮ್ಮನ ಅಂಗಿಯ ಜೇಬು ಕಂಡಿತು. ಅದರೊಳಗಿಂದ ಕನ್ನಡಕದ ಹೊಸ ಕಡ್ಡಿ ಇಣುಕುತ್ತಿತ್ತು. ರಿಪೇರಿಯಾಗಿ ಬಂದಿದೆ! ಅಮ್ಮ ತಾನೇ ಓದಬಹುದಿತ್ತು.

ಕಣ್ಣೊರೆಸಿಕೊಂಡು, ಕಣ್ಣನ್ನು ನೀರಿನ ಸಮಕ್ಕೆ ತಂದು, ನಲವತ್ತರಿಂದ ಕೆಳಕ್ಕೆ ಒಂದೊಂದೇ ಗೆರೆ ಎಣಿಸಿದಳು. ಮತ್ತೆ ಮೊದಲಿನಿಂದ ಎಣಿಸಿದಳು.

"ಎಷ್ಟು ಹೊತ್ತೇ? ನಿನ್ನ ಹೆಸರು ಬದಲಾಯಿಸ್ಬೇಕಾಗುತ್ತೆ," ಎಂದರು ಮಾಮ.

"ಇರಿ ಮಾಮ." ಮೂರನೇ ಸಲವೂ ಎಣಿಸಿದಳು. "ನಲವತ್ತು ಪಾಯಿಂಟ್ ನಾಲ್ಕು."

ಅಮ್ಮ ಬಾಯಲ್ಲೇ ಲೆಕ್ಕ ಹಾಕಿದಳು. "ಇನ್ನೂ ಚೂರು ಹೆರೀಬೇಕು ಅಣ್ಣ. ಬದುಕಿದ್ವಿ." ಬರೆದುಕೊಳ್ಳಲು ಪೆನ್ಸಿಲ್ ಎತ್ತಿದಳು.

ಗಡಿಬಿಡಿ ಸ್ಟೂಲಿನ ಮೇಲಿಂದಲೇ ಕೈ ಚಾಚಿ, ಅಮ್ಮನ ಜೇಬಿನಿಂದ ಕನ್ನಡಕ ತೆಗೆದು ಅವಳ ಕೈಗಿಟ್ಟಳು.

"ಬರೀಬೇಡ ಇರು. ಮೊದ್ಲು ನೀನೂ ಒಂದ್ಸಲ ನೋಡು."