ಬರೀ ದ್ರಾವಕದಲ್ಲಿ ಎದ್ದ ಗೆರೆ

"ಅಹಲ್ಯಾ, ಚಹಾ ಆರಾಕತ್ತೈತಿ..."

ಬೆನ್ನ ಹಿಂದೆ ಅಮಿತನ ದನಿ! ಅಹಲ್ಯಾಳ ಕೈಯಲ್ಲಿದ್ದ ಸೀಸೆ ಬಿದ್ದು ಚೂರಾಯಿತು. ಅವಳು ಮದುವೆಯಾಗಬೇಕಿದ್ದ ಅಮಿತ ಶಂಶಾಬಾದ್ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ವರ್ಷ ಕಳೆದಿತ್ತು.

ತಿರುಗಿದರೆ, ಎರಡು ಕಪ್ ಹಿಡಿದು ನಿಂತಿದ್ದವನು ವಿನಾಯಕ. ಮಿಯಾಪುರದಲ್ಲಿ ಅಮಿತನ ರೂಮ್‌ಮೇಟ್ ಆಗಿದ್ದವನು. ಲ್ಯಾಬಿನ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಹಾಕಲು ಆ ದಿನವಷ್ಟೇ ಬಂದಿದ್ದ. ಬೆಳಿಗ್ಗೆಯಿಂದ ಕೋಠಿ ಬಸ್ ಕಂಡಕ್ಟರನ ಕೂಗು, ಲ್ಯಾಬಿನ ಮುಖ್ಯಸ್ಥ ಶಿವಶರಣಪ್ಪ ಸಾಹೇಬರ ಕೆಮ್ಮು ಎಲ್ಲ ಮಿಮಿಕ್ರಿ ಮಾಡಿ ಲ್ಯಾಬನ್ನೇ ನಗಿಸಿದ್ದ. ಈಗ ಅವನ ಮುಖವೇ ಬಿಳಿಚಿತ್ತು.

"ಸತ್ತವರನ್ನೂ ಬಿಡಂಗಿಲ್ಲೇನ್ರಿ ನೀವು?"

ಅಂದಿನಿಂದ ಅವಳು ಮಾತು ಬಿಟ್ಟಳು. ಅವನು ಮಿಮಿಕ್ರಿ ಬಿಟ್ಟ.

ಕಾರವಾರದಿಂದ ಐಸ್ ಪೆಟ್ಟಿಗೆಯಲ್ಲಿ ಬರುವ ನೀಲಿಕಲ್ಲು ಎಂಬ ಕಡಲ ಚಿಪ್ಪುಜೀವಿಗಳೇ ಅವಳ ಕೆಲಸ. ಕಿವಿರು, ಪಾದ, ಜೀರ್ಣಗ್ರಂಥಿ ಬೇರೆ ಮಾಡಿ, ಕೊಬ್ಬು ತೆಗೆದು ಯಂತ್ರಕ್ಕೆ ಕೊಟ್ಟರೆ ಒಂದೊಂದು ಕೊಬ್ಬಿನಾಮ್ಲವೂ ಪರದೆಯ ಮೇಲೆ ಒಂದೊಂದು ಗೆರೆಯಾಗಿ ಏಳುತ್ತದೆ. ಮಾದರಿ ಬದಲಿಸುವ ಮುನ್ನ ಏನೂ ಬೆರೆಸದ ಬರೀ ದ್ರಾವಕ ಓಡಿಸುವುದು ರೂಢಿ. ಆಗ ಪರದೆ ಸಪಾಟಾಗಿರಬೇಕು.

ಆ ವಾರ ಬರೀ ದ್ರಾವಕದಲ್ಲೂ ಗೆರೆ ಎದ್ದಿತು. ಹಿಂದಿನ ಚಿಪ್ಪಿನ ಗೆರೆ... ಚಿಪ್ಪು ಕಸಕ್ಕೆ ಹೋದ ಮೇಲೂ!

'ನಿನ್ನ ಹಾಗೇ, ಅಮಿತಾ...' ಎಂದುಕೊಂಡಳು.

ತಪ್ಪು ಸಾಫ್ಟ್‌ವೇರಿನದೆಂದು ಸಾಹೇಬರಿಗೆ ದೂರಿದಳು. ವಿನಾಯಕ ಇಡೀ ದಿನ ತಡಕಾಡಿ, ಕೊನೆಗೆ ಮೆಲ್ಲಗೆ ಹೇಳಿದ:

"ಹಿಂದಿನದು ಕೊಳವಿಯೊಳಗ ಉಳದೈತ್ರಿ. ನನ್ನ ಗಂಟಲಾಗ ಅಂವ ಉಳದಂಗ."

ದಿನಾ ಸಂಜೆ ಲ್ಯಾಬಿನ ಕೆಳಗೆ ನಿಂತು ಅಮಿತ ಫೋನಿನಲ್ಲಿ ಕರೆಯುತ್ತಿದ್ದುದು 'ಚಹಾ ಆರಾಕತ್ತೈತಿ' ಎಂಬ ಅದೇ ಮಾತಿನಿಂದ. ಪಕ್ಕದಲ್ಲಿರುತ್ತಿದ್ದ ವಿನಾಯಕ ಅವಳು ಇಳಿದು ಬರುವ ಮುನ್ನ ಸರಿದುಹೋಗುತ್ತಿದ್ದ. ಅಮಿತ ಹೋದ ಮೇಲೆ ರೂಮಿನ ಮೌನ ತಾಳಲಾರದೆ ವಿನಾಯಕ ಅವನ ದನಿಯಲ್ಲೇ ಗೋಡೆಯೊಡನೆ ಮಾತಾಡುತ್ತಿದ್ದನಂತೆ. ಆ ದಿನ ಚಹಾ ಹಿಡಿದು ಅವಳ ಬಳಿ ಬಂದೊಡನೆ ಅದು ಬಾಯಿ ಜಾರಿತ್ತು.

ಅಹಲ್ಯಾ ಕುರ್ಚಿ ಎಳೆದು ಅವನೆದುರು ಕೂತಳು. "ಇನ್ನೊಮ್ಮೆ... ಅವರ ದನಿಲೆ ಕರೀರಿ."

"ಒಲ್ಲೆರಿ. ಕೇಳಿದಷ್ಟೂ ನೀವು ಅವನ್ನ ಕಾಯ್ತೀರಿ. ನಾ ಮುಂದ ನಿಂತಿದ್ರೂ ನಿಮಗ ಕಾಣಂಗಿಲ್ಲ."

ಹೇಳಬಾರದ್ದನ್ನು ಹೇಳಿದವನಂತೆ ತಲೆ ತಗ್ಗಿಸಿದ.

ಅವಳು ಯಂತ್ರದತ್ತ ತಿರುಗಿದಳು. ಒಳಗೆ ಉಳಿದದ್ದು ಹೋಗಲೆಂದು ಕೊಳವೆ ಕಾಯಿಸಿದಳು. ದ್ರಾವಕ ಓಡಿಸಿದಳು, ಮತ್ತೆ ಓಡಿಸಿದಳು. ಗೆರೆ ಕುಗ್ಗುತ್ತಾ ಕುಗ್ಗುತ್ತಾ ಸಣ್ಣ ಉಬ್ಬಾಗಿ ನಿಂತಿತು.

"ಪೂರ್ತಿ ಹೋಗಂಗಿಲ್ರಿ," ಎಂದಳು.

"ಇರಲಿ ಬಿಡ್ರಿ. ಅಂವ ನನಗೂ ಬೇಕು."

ಅವಳ ಕಣ್ಣು ತುಂಬಿತು. ಆ ಉಬ್ಬನ್ನು ಹಾಗೇ ಬಿಟ್ಟು, ಹೊಸ ಚಿಪ್ಪಿನ ಮಾದರಿಯನ್ನು ಯಂತ್ರಕ್ಕಿಟ್ಟಳು.

"ವಿನಾಯಕ... ನಿಮ್ಮ ದನಿಲೆ ಕರೀರಿ."

ಊರವರ ದನಿಯೆಲ್ಲ ಬಲ್ಲವನಿಗೆ ತನ್ನದು ಸಿಗಲು ಹೊತ್ತು ಹಿಡಿಯಿತು. ಒರಟಾಗಿ, ತಡವರಿಸಿ ಬಂತು.

"ಅಹಲ್ಯಾ ಅವರ... ಚಹಾ ಆರಾಕತ್ತೈತ್ರಿ."

"ಆರಿದ್ರ ಆರಲಿ," ಎಂದಳು. "ಬಂದೆ."